ಮಳೆ ರಜೆಗೊಂದು ಮರಳಿನ ಆಟ: ಬ್ರೌಸರ್‌ನಲ್ಲೇ ಗುಡ್ಡ ಕಟ್ಟುವುದು ಹೇಗೆ?

ಕಕ್ಕಡ ತಿಂಗಳ (ಜುಲೈ–ಆಗಸ್ಟ್ ಹೊತ್ತಿನ) ಮಳೆಗೆ ಶಾಲೆಗೆ ರಜೆ ಸಿಕ್ಕಿತೆಂದರೆ ಕೊಡಗಿನ ಬಹಳಷ್ಟು ಊರುಗಳಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಎರಡು ಗಂಟೆಯ ಚಾರ್ಜ್, ಒಂದು ನೋಟ್‌ಪ್ಯಾಡ್, ಒಂದು ಬ್ರೌಸರ್ ಇದ್ದರೆ ಪರದೆಯ ಮೇಲೆ ಮರಳು ಬೀಳುವ, ನೀರು ಹರಿಯುವ, ಗುಡ್ಡ ಕುಸಿಯುವ ಈ ಆಟ ಬರೆಯಬಹುದು. ಒಂದೇ ಎಚ್‌ಟಿಎಂಎಲ್ ಫೈಲ್, ಇಂಟರ್ನೆಟ್ ಬೇಡ. ಜಾವಾಸ್ಕ್ರಿಪ್ಟ್‌ನ ಅರೇ, ಲೂಪ್, ಇಫ್ ಇಷ್ಟು ಗೊತ್ತಿರಬೇಕು.

2000ರ ದಶಕದಲ್ಲಿ ಜಪಾನಿನ ವೆಬ್ ಆಟಗಳ ಮೂಲಕ ಹರಡಿದ ಪ್ರಕಾರ ಇದು. ಆಮೇಲೆ ಬಿಸಿ, ಗಾಳಿಯ ಒತ್ತಡ ಎಲ್ಲವನ್ನೂ ಲೆಕ್ಕ ಹಾಕುವ ‘ದಿ ಪೌಡರ್ ಟಾಯ್’ ಬಂತು, ಬ್ರೌಸರ್‌ನಲ್ಲೇ ಆಡುವ ‘ಸ್ಯಾಂಡ್‌ಸ್ಪೀಲ್’ ಬಂತು, ಪರದೆಯ ಪ್ರತಿ ಚುಕ್ಕಿಗೂ ಜೀವ ಕೊಟ್ಟ ‘ನೊಯಿಟಾ’ 2020ರಲ್ಲಿ ಪೂರ್ಣ ರೂಪದಲ್ಲಿ ಬಿಡುಗಡೆಯಾಯಿತು. ಎಲ್ಲದರ ಬುಡದಲ್ಲಿರುವುದು ಒಂದೇ ಉಪಾಯ. ಚೌಕಾಬಾರದ ಹಾಗೆ ಪರದೆಯನ್ನು ಮನೆಗಳಾಗಿ ಹಂಚುವುದು, ಪ್ರತಿ ಮನೆಯಲ್ಲಿ ಏನಿದೆ ಎಂದು ನೋಡುವುದು, ಅದು ಪಕ್ಕದ ಮನೆಗೆ ಹೋಗಬಹುದೇ ಎಂದು ಕೇಳುವುದು.

ಮನೆಗಳನ್ನು ಹಾಕುವುದು

ಅಡ್ಡ 200, ಉದ್ದ 150, ಒಟ್ಟು 30,000 ಮನೆ. ಎರಡು ಆಯಾಮದ ಅರೇ ಬೇಡ. 30,000 ಅಳತೆಯ ಒಂದೇ ಯುಇಂಟ್8 ಅರೇ (Uint8Array, ಮನೆಗೊಂದು ಸಣ್ಣ ಅಂಕಿ ಹಿಡಿಯುವ ಅರೇ) ಮಾಡಿ. ಸಾಲು ಸಂಖ್ಯೆಯನ್ನು 200ರಿಂದ ಗುಣಿಸಿ ಕಂಬಸಾಲನ್ನು ಕೂಡಿಸಿದರೆ ಮನೆಯ ನಂಬರ್. ಕೆಳಗಿನ ಮನೆ ಎಂದರೆ ಆ ನಂಬರ್‌ಗೆ 200 ಕೂಡಿಸಿದ್ದು. 0 ಖಾಲಿ, 1 ಕಲ್ಲು, 2 ಮರಳು, 3 ನೀರು, 4 ಮಣ್ಣು, 5 ಬೇರು. ಇದೇ ಅಳತೆಯ ಇನ್ನೆರಡು ಅರೇ ಬೇಕು: ಒಂದು ತೇವಕ್ಕೆ, ಇನ್ನೊಂದು ‘ಈ ಸುತ್ತಿನಲ್ಲಿ ಕದಲಿದೆ’ ಎಂಬ ಗುರುತಿಗೆ.

ಮೊದಲ ಕೆಲಸವಾಗಿ ನಾಲ್ಕೂ ಅಂಚಿಗೆ ಕಲ್ಲು ತುಂಬಿ. ಇದನ್ನು ಬಿಟ್ಟರೆ ಎಡ ಅಂಚಿನಿಂದ ಜಾರಿದ ಮರಳು ಬಲ ಅಂಚಿನಲ್ಲಿ ಏಳುತ್ತದೆ. ಏಕೆಂದರೆ ನಂಬರಿನ ಲೆಕ್ಕದಲ್ಲಿ ಒಂದು ಸಾಲಿನ ಮೊದಲ ಮನೆಯ ಹಿಂದಿನದು ಮೇಲಿನ ಸಾಲಿನ ಕೊನೆಯ ಮನೆ. ಕಲ್ಲಿನ ಚೌಕಟ್ಟು ಹಾಕಿದರೆ ಪ್ರತಿ ಸಲ ಅಂಚು ಪರೀಕ್ಷಿಸುವ ಗೋಜೇ ಇಲ್ಲ.

ಬಣ್ಣ ತೋರಿಸಲು ಮನೆಗೊಂದು ಚೌಕ ಬರೆಯುತ್ತ ಕೂರಬೇಡಿ, ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. 200 ಗುಣಿಸು 150ರ ಇಮೇಜ್ ಡೇಟಾ (ImageData, ಪ್ರತಿ ಚುಕ್ಕಿಯ ಬಣ್ಣಕ್ಕೆ ನಾಲ್ಕು ಬೈಟ್ ಇರುವ ಪಟ್ಟಿ) ಒಂದಕ್ಕೆ ಬಣ್ಣ ತುಂಬಿ ಒಮ್ಮೆಗೇ ಕ್ಯಾನ್ವಾಸ್‌ಗೆ ಹಾಕಿ, ಸಿಎಸ್‌ಎಸ್‌ನಲ್ಲಿ 800 ಗುಣಿಸು 600ಕ್ಕೆ ಹಿಗ್ಗಿಸಿ. ಎಲ್ಲ ಸರಿಯಿದ್ದೂ ಏನೂ ಕಾಣದಿದ್ದರೆ ನಾಲ್ಕನೆಯ ಬೈಟ್, ಅಂದರೆ ಚುಕ್ಕಿ ಎಷ್ಟು ಪಾರದರ್ಶಕ ಎಂದು ಹೇಳುವ ಆಲ್ಫಾ, 0 ಆಗಿಯೇ ಉಳಿದಿದೆ; ಅದನ್ನು 255 ಮಾಡಿ. ಮೌಸ್ ಒತ್ತಿದರೂ ಮರಳು ಬೀಳದಿದ್ದರೆ, ಮೌಸ್‌ನ ಸ್ಥಾನವನ್ನು 4ರಿಂದ ಭಾಗಿಸಿದ ಮೇಲೆ ದಶಮಾಂಶ ತೆಗೆದಿಲ್ಲ ಎಂದರ್ಥ. ಈ ಅರೇಗೆ 37.25ನೇ ಮನೆ ಎಂದರೆ ತಪ್ಪನ್ನೂ ತೋರಿಸದೆ ಸುಮ್ಮನಿದ್ದುಬಿಡುತ್ತದೆ.

ಯಾವ ಮನೆ ಮೊದಲು?

ಮರಳಿನ ನಿಯಮ ಸಣ್ಣದು. ಕೆಳಗೆ ಖಾಲಿಯೇ? ಇಳಿ. ಇಲ್ಲವೇ? ಎಡ ಓರೆ ಅಥವಾ ಬಲ ಓರೆ ನೋಡು. ಎರಡರಲ್ಲಿ ಯಾವುದು ಮೊದಲು ಎಂಬುದು ಪ್ರತಿ ಸಲ ಚೀಟಿ ಎತ್ತಿದಂತೆ ಬದಲಾಗಬೇಕು, ಇಲ್ಲದಿದ್ದರೆ ರಾಶಿ ಒಂದೇ ಕಡೆ ವಾಲುತ್ತದೆ. ಓರೆಗೆ ಹೋಗುವ ಮುನ್ನ ಪಕ್ಕದ ಮನೆಯೂ ಖಾಲಿಯೇ ಎಂದು ನೋಡಿ. ನೋಡದಿದ್ದರೆ ಓರೆಯಾಗಿ ಎಳೆದ ಒಂದು ಮನೆ ದಪ್ಪದ ಗೋಡೆ ಸೋರುತ್ತದೆ.

ನಿಯಮ ಸರಿಯಿದ್ದೂ ಆಟ ಕೆಡುವುದು ಮನೆಗಳನ್ನು ನೋಡುವ ಸರದಿಯಲ್ಲಿ. ಹೊಸಬರ ಹತ್ತು ತೊಂದರೆಗಳಲ್ಲಿ ಎಂಟರ ಮೂಲ ಇಲ್ಲೇ ಇದೆ ಎನ್ನಬಹುದು. ಮೇಲಿನ ಸಾಲಿನಿಂದ ಶುರು ಮಾಡಿದರೆ 10ನೇ ಸಾಲಿನ ಕಾಳು 11ಕ್ಕೆ ಇಳಿಯುತ್ತದೆ, ಲೂಪ್ 11ಕ್ಕೆ ಬಂದಾಗ ಅದೇ ಕಾಳು ಮತ್ತೆ ಸಿಕ್ಕಿ 12ಕ್ಕೆ ಇಳಿಯುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮರಳೂ ನೆಲದಲ್ಲಿ. ಬೀಳುವುದು ಕಾಣುವುದೇ ಇಲ್ಲ. ಹಾಗಾಗಿ ಕೆಳಗಿನಿಂದ ಮೇಲಕ್ಕೆ ನೋಡುತ್ತ ಬನ್ನಿ. ನೀರು ಅಡ್ಡ ಹರಿಯುವುದರಿಂದ ಎಡ–ಬಲದಲ್ಲೂ ಇದೇ ಕಾಟ: ಒಂದು ಫ್ರೇಮ್‌ನಲ್ಲಿ (ಪರದೆಯನ್ನು ಒಮ್ಮೆ ಬರೆಯುವ ಸುತ್ತಿನಲ್ಲಿ) ಎಡದಿಂದ ಬಲಕ್ಕೆ, ಮುಂದಿನದರಲ್ಲಿ ಬಲದಿಂದ ಎಡಕ್ಕೆ ಹೋಗಿ. ಮೇಲೇರುವ ಹೊಗೆ ಸೇರಿಸಿದಿರೋ, ಕೆಳಗಿನಿಂದ ನೋಡುವ ಸರದಿ ಅದಕ್ಕೆ ಉಲ್ಟಾ ಹೊಡೆಯುತ್ತದೆ. ಅಲ್ಲಿ ಕಾಯುವುದು ‘ಕದಲಿದೆ’ ಗುರುತು. ಗುರುತಿದ್ದ ಮನೆಯನ್ನು ಆ ಸುತ್ತಿನಲ್ಲಿ ಮುಟ್ಟಬೇಡಿ.

ಹಳೆಯ ಅರೇ ಓದಿ ಹೊಸ ಅರೇಗೆ ಬರೆಯುವುದು ಇನ್ನೂ ಶುದ್ಧವಲ್ಲವೇ ಎಂದು ಅನ್ನಿಸಬಹುದು. ಆದರೆ ಹಾಗೆ ಮಾಡಿದಾಗ ಎರಡು ಕಾಳು ಒಂದೇ ಖಾಲಿ ಮನೆಗೆ ಹೊರಟರೆ ಒಂದು ಮಾಯವಾಗುತ್ತದೆ. ಒಂದೇ ಅರೇಯಲ್ಲಿ ಅದಲುಬದಲು ಮಾಡುವುದೇ ಕ್ಷೇಮ.

ಹೀಗೆ ಬಿದ್ದ ರಾಶಿ 45 ಡಿಗ್ರಿಯಲ್ಲಿ ನಿಲ್ಲುತ್ತದೆ. ನಿಜವಾದ ಒಣ ಮರಳು ನಿಲ್ಲುವುದು ಸುಮಾರು 30ರಿಂದ 35 ಡಿಗ್ರಿಯಲ್ಲಿ. ಇಳಿಜಾರು ತಗ್ಗಿಸಬೇಕೆಂದರೆ ಎರಡು ಮನೆ ಆಚೆ, ಒಂದು ಮನೆ ಕೆಳಗೂ ಜಾರಲು ಬಿಡಿ, ಕೋನ ಸುಮಾರು 27 ಡಿಗ್ರಿಗೆ ಇಳಿಯುತ್ತದೆ. ಈ ಜಾರಿಕೆಯನ್ನು ಎರಡು ಸಲಕ್ಕೊಮ್ಮೆ ಮಾತ್ರ ಬಿಟ್ಟರೆ ರಾಶಿಯ ಮೈ ಒರಟಾಗಿ ಚೆಂದ ಕಾಣುತ್ತದೆ.

ನೀರಿಗೆ ಮರಳಿನ ನಿಯಮವೇ, ಕೊನೆಗೆ ಅಡ್ಡ ಹರಿವು ಸೇರಿಸಿ. ಒಂದೊಂದೇ ಮನೆ ಹರಿದರೆ ಜೇನುತುಪ್ಪದಂತಾಗುತ್ತದೆ, ಐದು ಮನೆವರೆಗೆ ಬಿಡಿ. ಆದರೆ ಐದನ್ನೂ ಒಂದೊಂದಾಗಿ ನೋಡುತ್ತ ಹೋಗಿ, ತಡೆ ಸಿಕ್ಕಲ್ಲಿ ನಿಲ್ಲಿಸಿ. ನೇರ ಹಾರಿಸಿದರೆ ನೀರು ಗೋಡೆ ದಾಟುತ್ತದೆ. ಮರಳಿನ ಕೆಳಗೆ ನೀರಿದ್ದರೆ ಎರಡನ್ನೂ ಅದಲುಬದಲು ಮಾಡಿ, ಮರಳು ಮುಳುಗುತ್ತದೆ.

ಬರೆ ಕಟ್ಟಿ ಮಳೆ ಸುರಿಸುವುದು

ಇಲ್ಲಿಂದ ಆಟ ನಮ್ಮದಾಗುತ್ತದೆ. ಕೆಳಗೆ ಓರೆಯಾದ ಕಲ್ಲು, ಅದರ ಮೇಲೆ 40 ಮನೆ ದಪ್ಪದ ಕೆಂಪು ಮಣ್ಣು, ಒಂದು ಬದಿಯನ್ನು ರಸ್ತೆಗೆಂದು ನೆಟ್ಟಗೆ ಕಡಿದ ಬರೆ, ಅಂದರೆ ಮಣ್ಣಿನ ಕಡಿದಾದ ಗೋಡೆ. ಮಣ್ಣಿಗೆ 0ರಿಂದ 5ರವರೆಗೆ ತೇವ. ಪಕ್ಕದಲ್ಲಿ ನೀರಿದ್ದರೆ 50ಕ್ಕೆ ಒಂದು ಸಲ ಆ ನೀರನ್ನು ಹೀರಿ ತೇವವನ್ನು 1 ಏರಿಸಲಿ. ಆಗಾಗ ತನ್ನ ಕೆಳಗಿನ ಮಣ್ಣಿಗೆ 1 ದಾಟಿಸಲಿ. ತೇವ 3ರವರೆಗೆ ಮಣ್ಣು ನೇರ ಕೆಳಗೆ ಮಾತ್ರ ಬೀಳಬೇಕು, ಆದ್ದರಿಂದ ಬರೆ ನಿಲ್ಲುತ್ತದೆ. 4ಕ್ಕೆ ಮರಳಿನಂತೆ ಓರೆಗೂ ಜಾರಲಿ. 5ಕ್ಕೆ 8ರಲ್ಲಿ ಒಂದು ಸಲ ಅಡ್ಡಕ್ಕೂ ಕೆಸರಿನಂತೆ ಸರಿಯಲಿ.

ಕೆಳಕ್ಕೆ ದಾಟಿಸುವ ನಿಯಮವನ್ನು ತೆಗೆದು ಒಮ್ಮೆ ಓಡಿಸಿ ನೋಡಿ. ಮೇಲ್ಪದರ ಮಾತ್ರ ಸಿಪ್ಪೆ ಸುಲಿದಂತೆ ಇಳಿಯುತ್ತದೆ. ನಿಯಮ ಸೇರಿಸಿದರೆ ನೀರು ಒಳಗಿಳಿದು ಕಲ್ಲಿನ ಮೇಲೆ ತಂಗುತ್ತದೆ, ಬರೆಯ ಬುಡ ಮೊದಲು ಬಿಡುತ್ತದೆ, ಮೇಲಿನ ಒಣ ಮಣ್ಣು ಅದರ ಹಿಂದೆ ಕುಸಿಯುತ್ತದೆ. ತೇವ 5 ಇರುವ ಮಣ್ಣಿನ ಪಕ್ಕ ಖಾಲಿಯಿದ್ದರೆ 300ಕ್ಕೆ ಒಂದು ಸಲ ತನ್ನ ತೇವದಲ್ಲಿ 1 ಕಳೆದು ಒಂದು ಹನಿ ಹೊರಗೆ ಬಿಡಲಿ. ಮಳೆಗಾಲದಲ್ಲಿ ಬರೆಯಿಂದ ಒಸರುವ ನೀರು ಹೀಗೆ ಪರದೆಯಲ್ಲೂ ಕಾಣುತ್ತದೆ, ಮಳೆ ನಿಂತ ಮೇಲೆ ಗುಡ್ಡ ನಿಧಾನ ಒಣಗುತ್ತದೆ.

ಮಳೆಯ ಅಳತೆ ನೋಡಿ ಹಾಕಿ. ಫ್ರೇಮಿಗೆ ಎರಡು ಹನಿ ಎಂದರೆ, 60 ಫ್ರೇಮಿನ ಲೆಕ್ಕದಲ್ಲಿ ನಿಮಿಷಕ್ಕೆ 7,200 ಹನಿ. 200 ಮನೆ ಅಗಲದಲ್ಲಿ 36 ಮನೆ ಆಳ. ಅದು ಪ್ರಳಯ. ಎರಡು ಫ್ರೇಮಿಗೆ ಒಂದು ಹನಿಯಿಂದ ಶುರು ಮಾಡಿ, 9 ಮನೆ ಆಳ ಸಾಕು. 120 ಹರ್ಟ್ಸ್ ಪರದೆಯ ಫೋನಿನಲ್ಲಿ ಎಲ್ಲವೂ ಇಮ್ಮಡಿ ವೇಗದಲ್ಲಿ ಓಡಿದರೆ, ಕಳೆದ ಸಮಯ ಅಳೆದು ಸೆಕೆಂಡಿಗೆ 60 ಸುತ್ತು ಮಾತ್ರ ನಡೆಸಿ.

ಇನ್ನು ಬೇರು. ಎಂಟು ದಿಕ್ಕಿನಲ್ಲಿ ಎಲ್ಲಾದರೂ ಬೇರು ತಾಗಿದ ಮಣ್ಣು ಓರೆಗೂ ಅಡ್ಡಕ್ಕೂ 10ಕ್ಕೆ ಒಂದು ಸಲ ಮಾತ್ರ ಕದಲಲಿ. ಮೇಲಿನ 10 ಮನೆಗೆ ಬೇರು ಹಾಕಿ ಮಳೆ ಬಿಟ್ಟರೆ ಮೇಲ್ಮೈ ಗಟ್ಟಿ ನಿಲ್ಲುತ್ತದೆ, ಆದರೆ ಬೇರು ತಲುಪದ ಆಳದಲ್ಲಿ ಮಣ್ಣು ಬಿಟ್ಟರೆ ಬೇರಿನ ಪದರವೂ ಜೊತೆಗೇ ಇಳಿಯುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಗುಡ್ಡಗಳು ಕುಸಿದದ್ದನ್ನು ಕಂಡ ಜಿಲ್ಲೆ ಇದು, ಆದ್ದರಿಂದ ಒಂದು ಮಾತು ಒತ್ತಿ ಹೇಳಬೇಕು: ಇಲ್ಲಿನ 50, 300, 8 ಎಲ್ಲವೂ ಆಟಕ್ಕೆ ಹೊಂದುವಂತೆ ಆರಿಸಿದ ಅಂಕಿಗಳು, ಯಾವ ಗುಡ್ಡವನ್ನೂ ಅಳೆದು ತಂದವಲ್ಲ. ಮನೆ ಹಿಂದಿನ ಬರೆಯಲ್ಲಿ ಬಿರುಕು ಕಂಡರೆ ಪರದೆ ನೋಡುತ್ತ ಕೂರದೆ ಆ ಜಾಗ ಬಿಟ್ಟು ಪಂಚಾಯಿತಿಗೆ ತಿಳಿಸಿ.

ಈ ಹಂತದಲ್ಲಿ ಬಹುಪಾಲು ಎಲ್ಲರಿಗೂ ಕಾಣುವ ತೊಂದರೆಯೊಂದಿದೆ. ಮಣ್ಣು ಜಾರಿ ಹೋಗುತ್ತದೆ, ಒದ್ದೆಯ ಕಡುಬಣ್ಣ ಮಾತ್ರ ಇದ್ದಲ್ಲೇ ಇರುತ್ತದೆ, ಅಲ್ಲಿಗೆ ಬಂದ ಒಣ ಮಣ್ಣು ಕಾರಣವಿಲ್ಲದೆ ಕೆಸರಾಗುತ್ತದೆ. ಕಾರಣ, ವಸ್ತುವನ್ನು ಅದಲುಬದಲು ಮಾಡುವಾಗ ತೇವವನ್ನು ಅದಲುಬದಲು ಮಾಡಿಲ್ಲ. ಅದಲುಬದಲಿಗೆ ಒಂದೇ ಫಂಕ್ಷನ್ ಬರೆದು ಮೂರೂ ಅರೇಗಳನ್ನು ಅದರಲ್ಲೇ ಬದಲಿಸಿ, ಬೇರೆಲ್ಲೂ ಮನೆಗಳನ್ನು ನೇರವಾಗಿ ಕದಲಿಸಬೇಡಿ. ಪರೀಕ್ಷೆಗೆ ಪರದೆಯ ಮೂಲೆಯಲ್ಲಿ ಒಂದು ಅಂಕಿ ಬರೆಸಿ: ನೀರಿನ ಮನೆಗಳ ಸಂಖ್ಯೆ ಕೂಡಿಸು ಎಲ್ಲ ತೇವದ ಮೊತ್ತ. ಮಳೆ ನಿಲ್ಲಿಸಿದ ಮೇಲೆ ಅದು ಏರಲೂ ಬಾರದು, ಇಳಿಯಲೂ ಬಾರದು. ಇಳಿಯುತ್ತಿದ್ದರೆ ನೀರನ್ನು ಹೀರುವ ಮತ್ತು ಹೊರಬಿಡುವ ಸಾಲುಗಳನ್ನು ಮೊದಲು ನೋಡಿ.