ಹಳೇ ಲವ್ ಸಾಂಗಿನ ಜಾತಕ ಹುಡುಕೋದು ಹೇಗೆ?

ಬೆಳಗಾವಿ ಕ್ಯಾಂಪ್ ಕಡೆ ಹಳೇ ಮನೆಯ ಅಟ್ಟ ಖಾಲಿ ಮಾಡಿಸುವಾಗ ಇಂಗ್ಲಿಷ್ ರೆಕಾರ್ಡುಗಳು ಸಿಕ್ಕರೆ ಆಶ್ಚರ್ಯಪಡಬೇಡಿ. ಮಿಲಿಟರಿಯವರು, ಗೋವಾ ಕಡೆಯವರು ಇದ್ದ ಜಾಗ ಅಲ್ವಾ. ಅದರಲ್ಲೊಂದು ಹಾಡು ಹಿಡಿಸಿತು, ಅದರ ಮೂಲ ತಿಳಿಯಬೇಕು ಅಂತಿಟ್ಟುಕೊಳ್ಳಿ. ಎಲ್ಲರೂ ಮಾಡೋದು ಒಂದೇ, ಹಾಡಿದವರ ಹೆಸರು ಹಾಕಿ ಹುಡುಕೋದು. ಅದನ್ನು ಆಮೇಲೆ ಮಾಡಿ.

ಮೊದಲು ಲೇಬಲ್ ಓದಿ. ಟಾರ್ಚ್ ನೇರವಾಗಿ ಹಿಡಿದರೆ ಬರೀ ಹೊಳಪು ಕಾಣುತ್ತದೆ, ಸ್ವಲ್ಪ ಓರೆಯಾಗಿ ಹಿಡಿಯಿರಿ. ಹಾಡಿನ ಹೆಸರಿನ ಕೆಳಗೆ ಕಂಸದಲ್ಲಿ ಸಣ್ಣ ಅಕ್ಷರದ ಹೆಸರುಗಳು ಇರುತ್ತವೆ. ಸಾಮಾನ್ಯವಾಗಿ ಅವರೇ ಹಾಡು ಬರೆದವರು, ರಾಗ ಹಾಕಿದವರು. ಗಾಯಕರು ಬದಲಾಗುತ್ತಾರೆ, ಆ ಹೆಸರು ಬದಲಾಗಲ್ಲ.

'ಅನ್‌ಚೈನ್ಡ್ ಮೆಲೊಡಿ' ಹಾಡನ್ನೇ ತಗೊಳ್ಳಿ. ಎಲ್ಲರ ಬಾಯಲ್ಲೂ ಅದು ರೈಚಸ್ ಬ್ರದರ್ಸ್ ಅನ್ನೋ ಅಮೆರಿಕದ ಗಾಯಕ ಜೋಡಿಯ ಹಾಡು. ಕಂಸದಲ್ಲಿ ನೋಡಿದರೆ ನಾರ್ತ್, ಜರೆಟ್ ಅಂತಿರುತ್ತದೆ. ಅಂದರೆ ಸಂಗೀತ ಅಲೆಕ್ಸ್ ನಾರ್ತ್, ಸಾಹಿತ್ಯ ಹೈ ಜರೆಟ್. ಈ ಎರಡು ಹೆಸರು ಹಾಕಿ ಹುಡುಕಿ, ನೇರ 1955ಕ್ಕೆ ಹೋಗಿ ನಿಲ್ಲುತ್ತೀರಿ. ಆ ವರ್ಷ 'ಅನ್‌ಚೈನ್ಡ್' ಅಂತ ಒಂದು ಜೈಲಿನ ಸಿನಿಮಾ ಬಂತು. ಅದರಲ್ಲಿ ಇದನ್ನು ಹಾಡಿದ್ದು ಟಾಡ್ ಡಂಕನ್. ಮನೆಯವಳಿಂದ ದೂರ ಇರುವ ಕೈದಿಯ ಹಾಡು ಅಂತ ಗೊತ್ತಾದ ಮೇಲೆ ಕೇಳಿ ನೋಡಿ, ಹೊತ್ತೇ ಹೋಗ್ತಿಲ್ಲ ಅನ್ನೋ ಸಾಲಿಗೆ ಬೇರೆಯೇ ತೂಕ ಬರುತ್ತದೆ. ನನ್ನ ಮಟ್ಟಿಗೆ ಇಷ್ಟೆಲ್ಲ ಹುಡುಕೋದು ಇದಕ್ಕೇ.

ಮುಂದೆ, ಯಾರ್ಯಾರು ಹಾಡಿದರು ಅನ್ನೋದನ್ನು ವರ್ಷದ ಪ್ರಕಾರ ಒಂದು ಹಾಳೆಯಲ್ಲಿ ಬರೆಯಿರಿ. 1955ರಲ್ಲೇ ಅಮೆರಿಕದಲ್ಲಿ ಅಲ್ ಹಿಬ್ಲರ್, ರಾಯ್ ಹ್ಯಾಮಿಲ್ಟನ್ ಹಾಡಿದರು, ಲೆಸ್ ಬ್ಯಾಕ್ಸ್‌ಟರ್ ತನ್ನ ಆರ್ಕೆಸ್ಟ್ರಾ ಜೊತೆ ತಂದ. ಬ್ರಿಟನ್‌ನಲ್ಲಿ ಜಿಮ್ಮಿ ಯಂಗ್. ಆಗ ಹಾಗೇ, ಒಂದು ಹಾಡು ಓಡಿದರೆ ಪ್ರತಿ ಕಂಪನಿಯೂ ತನ್ನ ಗಾಯಕನ ಕೈಲಿ ಹಾಡಿಸುತ್ತಿತ್ತು. ರೈಚಸ್ ಬ್ರದರ್ಸ್ ಬಂದದ್ದು 1965ರಲ್ಲಿ, ಹತ್ತು ವರ್ಷ ತಡವಾಗಿ. ಹೆಸರು ಇಬ್ಬರದು, ಆದರೆ ಹಾಡಿದ್ದು ಬಾಬಿ ಹ್ಯಾಟ್‌ಫೀಲ್ಡ್ ಒಬ್ಬನೇ.

ರೆಕಾರ್ಡನ್ನು ತಿರುಗಿಸಿ ಹಿಂದಿನ ಮುಖಾನೂ ಓದಿ, ಇದನ್ನು ಬಿಡಲೇಬೇಡಿ. ರೈಚಸ್ ಬ್ರದರ್ಸ್ ರೆಕಾರ್ಡಿನಲ್ಲಿ ಈ ಹಾಡು ಬಂದದ್ದೇ ಬಿ ಸೈಡಿನಲ್ಲಿ, ಅಂದರೆ ಹಿಂದಿನ ಮುಖದಲ್ಲಿ! ಕಂಪನಿಯವರು ನಂಬಿದ್ದು ಎ ಸೈಡಿನ 'ಹಂಗ್ ಆನ್ ಯು' ಹಾಡನ್ನು, ರೇಡಿಯೋದವರು ಇನ್ನೊಂದು ಮುಖ ಹಾಕಿ ಹಾಕಿ ಇದನ್ನು ಗೆಲ್ಲಿಸಿದರು.

ವರ್ಷದ ವಿಷಯದಲ್ಲಿ ಹುಷಾರು. ವೃತ್ತದೊಳಗೆ ಪಿ ಅಕ್ಷರ, ಪಕ್ಕದಲ್ಲಿ ಇಸವಿ ಇದ್ದರೆ ಅದು ಆ ರೆಕಾರ್ಡಿಂಗ್ ಹೊರಬಂದ ವರ್ಷ, ಹಾಡು ಹುಟ್ಟಿದ ವರ್ಷ ಅಲ್ಲ. ಕ್ಯಾಸೆಟ್‌ನಲ್ಲಂತೂ ಇನ್ನೂ ಜಾಸ್ತಿ ಗೊಂದಲ. 1990ರಲ್ಲಿ 'ಘೋಸ್ಟ್' ಸಿನಿಮಾದಿಂದ ಹಾಡು ಮತ್ತೆ ಓಡಿತು. ಆಗ ಹಳೇ ರೆಕಾರ್ಡಿಂಗ್ ಮತ್ತೆ ಬಂತು, ಅದೇ ರೈಚಸ್ ಬ್ರದರ್ಸ್ ಹೊಸದಾಗಿ ಹಾಡಿದ್ದೂ ಬಂತು. ಹೆಸರು ಒಂದೇ ಆದ್ದರಿಂದ ನಿಮ್ಮ ಹತ್ತಿರ ಇರೋದು ಯಾವುದು ಅಂತ ಎರಡನ್ನೂ ಬೆನ್ನುಬೆನ್ನಿಗೆ ಕೇಳಿಯೇ ಹೇಳಬೇಕು.

ಹಿರಿಯರನ್ನೂ ಕೇಳಿ. ಆದರೆ 'ಇದು ಯಾವ ವರ್ಷದ್ದು' ಅಂತಲ್ಲ, 'ಮೊದಲು ಎಲ್ಲಿ ಕೇಳಿದ್ರಿ' ಅಂತ. ರೇಡಿಯೋನಾ, ಮದುವೆ ಬ್ಯಾಂಡಾ, ಸಿನಿಮಾನಾ ಅಂತ ಗೊತ್ತಾದರೆ ಯಾವ ಕಾಲದ್ದು ಅಂತ ಅಂದಾಜು ಸಿಗುತ್ತದೆ. ತಿಳಿದದ್ದನ್ನು ಪೆನ್ಸಿಲಿನಲ್ಲಿ ಕವರ್ ಮೇಲೆ ಬರೆಯಿರಿ, ರೆಕಾರ್ಡ್ ಹೊರಗೆ ತೆಗೆದಿಟ್ಟು. ಲೇಬಲ್ ಮೇಲೆ ಮಾತ್ರ ಗೀಚಬೇಡಿ.