ಓದಿದ ಪುಸ್ತಕದ ಬಗ್ಗೆ ಬೇರೆಯವರಿಗೆ ಉಪಯೋಗ ಆಗೋ ಹಾಗೆ ಬರೆಯೋದು ಹೇಗೆ

ಒಂದು ಪುಸ್ತಕ ಓದಿ ಮುಗಿಸಿದ ಖುಷಿಲಿ ನಾವು ಸಾಮಾನ್ಯವಾಗಿ ಏನ್ ಬರೀತೀವಿ ಅಂದ್ರೆ "ಅದ್ಭುತ ಕೃತಿ, ಎಲ್ಲರೂ ಓದಲೇಬೇಕು" ಅಂತ, ಜೊತೆಗೆ ಮುಖಪುಟದ ಒಂದು ಫೋಟೋ. ಹಿಡಿಸದೇ ಇದ್ರೆ "ಟೈಮ್ ವೇಸ್ಟ್", ಅಷ್ಟೇ. ಇದನ್ನ ಓದಿದವರಿಗೆ ನಿಮಗೆ ಖುಷಿ ಆಯ್ತಾ ಬೇಜಾರಾಯ್ತಾ ಅನ್ನೋದು ಗೊತ್ತಾಗುತ್ತೆ, ಆದ್ರೆ ಆ ಪುಸ್ತಕ ತಮಗೆ ಹಿಡಿಸುತ್ತಾ ಇಲ್ವಾ ಅನ್ನೋದು ಗೊತ್ತಾಗಲ್ಲ. ಕನ್ನಡದಲ್ಲಿ ಇದು ಇನ್ನೂ ಮುಖ್ಯ, ಯಾಕಂದ್ರೆ ನಮ್ಮಲ್ಲಿ ಎಷ್ಟೋ ಪುಸ್ತಕಗಳು ಪ್ರಿಂಟ್ ಆಗೋದೇ ಸಾವಿರ ಪ್ರತಿ, ಪೇಪರ್‌ನಲ್ಲಿ ಪುಸ್ತಕಗಳಿಗೆ ಅಂತ ಸಿಗೋ ಜಾಗ ಭಾನುವಾರದ ಪುರವಣಿಲಿ ಒಂದಿಷ್ಟು, ಹಾಗಾಗಿ ಒಬ್ಬ ಸಾಮಾನ್ಯ ಓದುಗ ಮನಸಿಟ್ಟು ಬರೆದ ಹತ್ತು ಸಾಲು ಆ ಪುಸ್ತಕನ ಇನ್ನೂ ನಾಲ್ಕು ಮನೆಗೆ ಮುಟ್ಟಿಸುತ್ತೆ. ನಾನು ಇದನ್ನ ನಿಜವಾಗ್ಲೂ ನಂಬ್ತೀನಿ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಮೊದಲು ಒಂದು ಭಯ ತೆಗೆದುಹಾಕಿ. ವಿಮರ್ಶೆ ಬರೆಯೋಕೆ ನಾನೇನು ಕನ್ನಡ ಎಂಎ ಮಾಡಿದೀನಾ ಅಂತ ತುಂಬಾ ಜನ ಹಿಂಜರೀತಾರೆ. ಬೇಡ, ನವ್ಯ ಬಂಡಾಯ ಅಂತೆಲ್ಲ ಸಾಹಿತ್ಯ ಚಳವಳಿಗಳ ಹಣೆಪಟ್ಟಿ ಹಚ್ಚೋ ಕೆಲಸ ನಿಮ್ಮದಲ್ಲ. ಮುನ್ನುಡಿಲಿ ಹಿರಿಯರು ಬರೆದಿರೋ ಮಾತು, ಬೆನ್ನುಡಿಲಿ ಪ್ರಕಾಶಕರು ಹಾಕಿರೋ ಮಾತು ಎತ್ಕೊಂಡು ಬಂದು ತಿರುಗಿಸಿ ಬರೆಯೋದೂ ಬೇಡ, ಅದು ಪುಸ್ತಕ ಕೈಗೆತ್ತಿಕೊಂಡವರಿಗೆಲ್ಲ ಹೇಗೂ ಕಾಣುತ್ತೆ. ಸಾಧ್ಯ ಆದ್ರೆ ಮುನ್ನುಡಿನ ಕೊನೆಗೆ ಓದಿ, ನಮ್ಮಲ್ಲಿ ಮುನ್ನುಡಿಗಳು ಎಷ್ಟೋ ಸಲ ಇಡೀ ಕತೆನೇ ಹೇಳ್ಬಿಡ್ತವೆ, ಮತ್ತೆ ಅವರ ಅಭಿಪ್ರಾಯ ತಲೇಲಿ ಕೂತ್ಬಿಟ್ರೆ ನಿಮ್ಮದು ಯಾವ್ದು ಅಂತ ನಿಮಗೇ ಗೊತ್ತಾಗಲ್ಲ.

ಓದೋವಾಗ್ಲೇ ಸ್ವಲ್ಪ ತಯಾರಿ ಬೇಕು. ಸ್ವಂತ ಪುಸ್ತಕ ಆದ್ರೆ ಪೆನ್ಸಿಲ್‌ನಲ್ಲಿ ಸಣ್ಣ ಗೆರೆ, ಲೈಬ್ರರಿ ಪುಸ್ತಕ ಆದ್ರೆ ದಯವಿಟ್ಟು ಗೀಚ್ಬೇಡಿ, ಮೊಬೈಲ್‌ನಲ್ಲಿ ಪುಟದ ನಂಬರ್ ಬರ್ಕೊಳ್ಳಿ. ಗುರುತು ಹಾಕಬೇಕಾಗಿರೋದು ಬರೀ ಚಂದದ ಸಾಲುಗಳಿಗಲ್ಲ. ಎಲ್ಲಿ ಪುಸ್ತಕ ಕೆಳಗಿಟ್ಟು ಎದ್ದು ಹೋದ್ರಿ, ಎಲ್ಲಿ ಎರಡು ಪುಟ ಹಾರಿಸಿದ್ರಿ, ಎಲ್ಲಿ ರಾತ್ರಿ ಒಂದು ಗಂಟೆ ಆದ್ರೂ ನಿಲ್ಲಿಸೋಕೆ ಆಗ್ಲಿಲ್ಲ, ಅದನ್ನ ಗುರುತು ಹಾಕಿ. ಮುಗಿದ ಒಂದೆರಡು ದಿನದೊಳಗೆ ಕೂತು ಬರೀರಿ, ತಡ ಆದಷ್ಟೂ ತಲೇಲಿ ಉಳಿಯೋದು ಚೆನ್ನಾಗಿತ್ತು ಚೆನ್ನಾಗಿರ್ಲಿಲ್ಲ ಅನ್ನೋದು ಮಾತ್ರ.

ಬರೆಯೋಕೆ ಎಲ್ಲಿಂದ ಶುರು ಮಾಡೋದು ಅಂದ್ರೆ, ನೀವು ಏನ್ ಅಂದ್ಕೊಂಡು ಆ ಪುಸ್ತಕ ಕೈಗೆ ತಗೊಂಡ್ರಿ, ಏನ್ ಸಿಕ್ತು ಅನ್ನೋದ್ರಿಂದ. ಇದು ಯಾವಾಗ್ಲೂ ಕೆಲಸ ಮಾಡುತ್ತೆ. ತೇಜಸ್ವಿಯವರ ಕರ್ವಾಲೋ ತಗೊಳ್ಳಿ, 1980ರಲ್ಲಿ ಬಂದಿದ್ದು, ಇವತ್ತಿಗೂ ಕನ್ನಡ ಓದೋಕೆ ಶುರು ಮಾಡೋವ್ರಿಗೆ ಜನ ಮೊದಲು ಹೇಳೋ ಪುಸ್ತಕಗಳಲ್ಲಿ ಅದೊಂದು. "ಮಸ್ಟ್ ರೀಡ್, ತೇಜಸ್ವಿ ಗ್ರೇಟ್" ಅಂತ ಬರೆದ್ರೆ ಹೊಸಬರಿಗೆ ಏನೂ ಸಿಗಲ್ಲ. ಅದರ ಬದಲು ಹೀಗೆ ಬರೆದು ನೋಡಿ: "ಹಾರೋ ಓತಿನ ಹುಡುಕ್ಕೊಂಡು ಕಾಡಿಗೆ ಹೋಗೋ ಸಾಹಸದ ಕತೆ ಅಂತ ಕೇಳಿ ತಗೊಂಡೆ, ಆದ್ರೆ ತುಂಬಾ ಹೊತ್ತು ಓತಿ ಸುದ್ದಿನೇ ಬರಲ್ಲ, ಜೇನು, ಮಂದಣ್ಣ, ಮಂದಣ್ಣನ ಮದುವೆ, ಕಿವಿ ಅನ್ನೋ ನಾಯಿ, ಇವರ ಸುತ್ತಾನೇ ಸುತ್ತುತ್ತೆ. ಮೊದಲು ಯಾವಾಗ ಕಾಡಿಗೆ ಹೋಗ್ತಾರಪ್ಪ ಅನ್ನಿಸ್ತು, ಆಮೇಲೆ ಈ ಜನಾನೇ ಕತೆ ಅಂತ ಗೊತ್ತಾದ್ಮೇಲೆ ಎಲ್ಲೂ ಅವಸರ ಅನ್ನಿಸ್ಲಿಲ್ಲ." ಇಷ್ಟು ಓದಿದವರಿಗೆ ಪುಸ್ತಕದ ನಡಿಗೆ ಗೊತ್ತಾಯ್ತು, ಒಳಗೆ ಯಾರ್ಯಾರಿದಾರೆ ಗೊತ್ತಾಯ್ತು, ಥ್ರಿಲ್ಲರ್ ಬೇಕಾಗಿರೋವ್ರು ಸ್ವಲ್ಪ ತಾಳ್ಮೆ ಇಟ್ಕೋಬೇಕು ಅನ್ನೋದೂ ಗೊತ್ತಾಯ್ತು. ಕೊನೆಗೆ ಓತಿ ಸಿಗುತ್ತಾ ಇಲ್ವಾ ಹೇಳೋ ಅಗತ್ಯನೇ ಬರ್ಲಿಲ್ಲ ನೋಡಿ.

ಕತೆ ಎಷ್ಟು ಹೇಳ್ಬೇಕು ಅನ್ನೋ ಪ್ರಶ್ನೆಗೆ ನನ್ನ ಲೆಕ್ಕ ಸುಲಭ, ಪುಸ್ತಕದ ಮೊದಲ ಕಾಲು ಭಾಗದಲ್ಲಿ ಏನಾಗುತ್ತೋ ಅಷ್ಟನ್ನ ಧೈರ್ಯವಾಗಿ ಹೇಳ್ಬಹುದು, ಅದರಾಚೆ ಬೇಡ. ವಿವೇಕ ಶಾನಭಾಗರ ಘಾಚರ್ ಘೋಚರ್ ಬಗ್ಗೆ ಓದುಗರು ಮಾತಾಡೋವಾಗ ಈ ತೊಂದರೆ ಜಾಸ್ತಿ ಆಗುತ್ತೆ. ಸಣ್ಣ ಪುಸ್ತಕ, ಒಂದೇ ಕೂತಲ್ಲಿ ಮುಗಿಯುತ್ತೆ, ಕಾಫಿ ಹೌಸ್‌ನಲ್ಲಿ ಕೂತ ಒಬ್ಬ ತನ್ನ ಮನೆ ಕತೆ ಹೇಳ್ತಾನೆ, ಕಷ್ಟದಲ್ಲಿದ್ದ ಕುಟುಂಬಕ್ಕೆ ಮಸಾಲೆ ವ್ಯಾಪಾರದಿಂದ ದಿಢೀರ್ ದುಡ್ಡು ಬಂದ್ಮೇಲೆ ಏನೇನು ಬದಲಾಯ್ತು ಅಂತ. ಕೊನೆ ಮಾತ್ರ ಪೂರ್ತಿ ಬಿಡಿಸಿ ಹೇಳಲ್ಲ, ಅದಕ್ಕೇ ಓದಿದವರೆಲ್ಲ ಅದರ ಬಗ್ಗೆನೇ ಕೇಳ್ತಾರೆ. ನಿಮಗೆ ಅನ್ನಿಸಿದ್ದನ್ನ ಅಲ್ಲೇ ಬರೆದ್ಬಿಟ್ರೆ ಮುಂದಿನವರ ಓದೇ ಹೋಯ್ತು. "ಕೊನೆ ತೆರೆದೇ ಇದೆ, ಎಲ್ಲ ಸ್ಪಷ್ಟವಾಗಿ ಹೇಳ್ಬೇಕು ಅನ್ನೋರಿಗೆ ಕಿರಿಕಿರಿ ಆಗ್ಬಹುದು, ನಂಗೆ ಮಾತ್ರ ಮತ್ತೆ ಮೊದಲಿಂದ ಓದೋ ಹಾಗಾಯ್ತು" ಅಂದ್ರೆ ಸಾಕು. ಇನ್ನೂ ಹೇಳ್ಬೇಕು ಅನ್ನಿಸಿದ್ರೆ ಮೊದಲೇ ಎಚ್ಚರಿಕೆ ಕೊಟ್ಟು, ನಾಲ್ಕೈದು ಸಾಲು ಜಾಗ ಬಿಟ್ಟು ಕೆಳಗೆ ಬರೀರಿ.

ಹಿಡಿಸದೇ ಇರೋದನ್ನ ಬರೆಯೋದು ಇಷ್ಟ ಆಗಿದ್ದನ್ನ ಬರೆಯೋದಕ್ಕಿಂತ ಕಷ್ಟ, ಉಪಯೋಗನೂ ಅದರಿಂದಾನೇ ಜಾಸ್ತಿ. ಇಲ್ಲಿ ಒಂದೇ ಮಾತು, ಎಲ್ಲಿ ಮತ್ತು ಯಾಕೆ ಅಂತ ಹೇಳಿ. "ಬೋರ್" ಅನ್ಬೇಡಿ. ಕುವೆಂಪು ಅವರ ಮಲೆಗಳಲ್ಲಿ ಮದುಮಗಳು ಅರ್ಧಕ್ಕೆ ನಿಲ್ಲಿಸಿದವರು ಎಷ್ಟೋ ಜನ ಇದಾರೆ, ಅದೇನು ತಪ್ಪಲ್ಲ, ಆದ್ರೆ ಕೇಳಿದ್ರೆ ಬಹಳಷ್ಟು ಜನಕ್ಕೆ ತೊಂದರೆ ಆಗಿರೋದು ಕತೆಯಿಂದ ಅಲ್ಲ, ಗುತ್ತಿ ತಿಮ್ಮಿ ಐತ ಪೀಂಚಲು ಮುಕುಂದಯ್ಯ ಚಿನ್ನಮ್ಮ ಅಂತ ಒಬ್ಬರಾದ್ಮೇಲೆ ಒಬ್ಬರು ಬರ್ತಾನೇ ಇರ್ತಾರೆ, ಯಾವ ಮನೆಯವರು ಯಾರು ಅನ್ನೋದೇ ಕಳೆದುಹೋಗುತ್ತೆ. ಅದನ್ನೇ ಬರೀರಿ, ಜೊತೆಗೆ "ಒಂದು ಹಾಳೇಲಿ ಮನೆತನಗಳ ಹೆಸರು, ಜನರ ಹೆಸರು ಬರ್ಕೊಂಡು ಓದಿ" ಅಂತ ಸೇರಿಸಿದ್ರೆ ನಿಮ್ಮ ದೂರು ಇನ್ನೊಬ್ಬರಿಗೆ ದಾರಿ ಆಗುತ್ತೆ. ದೇವನೂರ ಮಹಾದೇವರ ಕುಸುಮಬಾಲೆಗೂ ಹೀಗೇ. ನಂಜನಗೂಡು ಕಡೆ ಆಡುಮಾತಲ್ಲಿ ಬರೆದಿರೋದು, ಧಾರವಾಡದವರಿಗೋ ಕುಂದಾಪುರದವರಿಗೋ ಮೊದಲ ಪುಟಗಳು ನಿಜವಾಗ್ಲೂ ಕಷ್ಟ, "ಅರ್ಥಾನೇ ಆಗಲ್ಲ" ಅಂತ ಬರೆದು ಬಿಟ್ಟುಬಿಡೋ ಬದಲು ಜೋರಾಗಿ ಓದಿ ನೋಡಿ, ಕಿವಿಗೆ ಬಿದ್ರೆ ಅರ್ಥ ಆಗೋಕೆ ಶುರು ಆಗುತ್ತೆ, ಆಮೇಲೆ ಅದನ್ನೂ ಸೇರಿಸಿ ಬರೀರಿ. ಜೋರಾಗಿ ಓದಿದ್ರೂ ದಕ್ಕಲಿಲ್ಲ ಅಂದ್ರೆ ಹಾಗಂತಾನೇ ಬರೀರಿ, ಅದಕ್ಕೂ ಬೆಲೆ ಇದೆ. ಅರ್ಧಕ್ಕೆ ಬಿಟ್ಟ ಪುಸ್ತಕದ ಬಗ್ಗೆ ಬರೀಬಾರದು ಅಂತ ಏನಿಲ್ಲ, ಯಾವ ಪುಟದಲ್ಲಿ ಬಿಟ್ರಿ ಅನ್ನೋದನ್ನ ಮೊದಲ ಸಾಲಲ್ಲೇ ಹೇಳ್ಬೇಕು ಅಷ್ಟೇ.

ಇನ್ನೊಂದು, ನಿಮ್ಮ ನಿರೀಕ್ಷೆಗೆ ಪುಸ್ತಕನ ಬೈಬೇಡಿ. 1979ರಲ್ಲಿ ಬಂದ ಭೈರಪ್ಪನವರ ಪರ್ವ ಮಹಾಭಾರತದ ಕತೆನ ಪವಾಡಗಳಿಲ್ಲದೆ, ಮನುಷ್ಯರ ನೆನಪುಗಳ ಮೂಲಕ ಹೇಳುತ್ತೆ. ಟಿವಿ ಸೀರಿಯಲ್ ನೋಡಿ ಬಂದವರು ಸುದರ್ಶನ ಚಕ್ರ ಎಲ್ಲಿ ಅಂತ ಕೇಳಿದ್ರೆ ಅದು ಪುಸ್ತಕದ ತಪ್ಪಲ್ಲ. ಆದ್ರೆ ಒಬ್ಬೊಬ್ಬರೂ ಹಳೇದನ್ನ ನೆನಪು ಮಾಡ್ಕೊಳ್ಳೋದು ಪುಟಗಟ್ಟಲೆ ಹೋಗಿ ನಡುವೆ ಭಾರ ಅನ್ನಿಸ್ತು ಅಂದ್ರೆ ಅದು ನ್ಯಾಯವಾದ ಮಾತು, ಯಾರ ಭಾಗದಲ್ಲಿ ಹಾಗನ್ನಿಸ್ತು ಅಂತಾನೂ ಸೇರಿಸಿ.

ಕಾದಂಬರಿ ಅಲ್ಲದ ಪುಸ್ತಕಗಳಿಗೆ ಬರೋಣ, ಇಲ್ಲಿ ಕೇಳ್ಕೋಬೇಕಾದ ಪ್ರಶ್ನೆಗಳೇ ಬೇರೆ. ಲೇಖಕರು ಏನ್ ಹೇಳ್ತಿದಾರೆ, ಅದಕ್ಕೆ ಆಧಾರ ಏನ್ ಕೊಡ್ತಾರೆ, ನೀವು ಒಪ್ಪಿದ್ರಾ. ಹರಾರಿಯವರ ಸೇಪಿಯನ್ಸ್ ಬಗ್ಗೆ ಎಲ್ಲಿ ನೋಡಿದ್ರೂ "ಕಣ್ಣು ತೆರೆಸಿದ ಪುಸ್ತಕ" ಅಂತ ಇರುತ್ತೆ. ಕಣ್ಣು ತೆರೆಸಿದ್ದು ಯಾವ ಮಾತು? ಬೇಸಾಯ ಶುರು ಆದ್ಮೇಲೆ ಸಾಮಾನ್ಯ ಮನುಷ್ಯನ ಬದುಕು ಬೇಟೆ ಆಡ್ಕೊಂಡಿದ್ದ ಕಾಲಕ್ಕಿಂತ ಕಷ್ಟ ಆಯ್ತು ಅನ್ನೋದು ಅವರ ದೊಡ್ಡ ವಾದಗಳಲ್ಲಿ ಒಂದು. ರೈತರ ಮನೆಯಿಂದ ಬಂದ ಓದುಗರಿಗೆ ಇದರ ಬಗ್ಗೆ ಹೇಳೋಕೆ ಖಂಡಿತ ಏನೋ ಇರುತ್ತೆ, ಅದನ್ನ ಬರೀರಿ, ಅಂಥ ಅಭಿಪ್ರಾಯ ಬೇರೆ ಎಲ್ಲೂ ಸಿಗಲ್ಲ. ಜೊತೆಗೆ ಕೊನೇ ಪುಟಗಳಲ್ಲಿರೋ ಟಿಪ್ಪಣಿಗಳನ್ನ ಒಮ್ಮೆ ತಿರುವಿ ಹಾಕಿ, ನಿಮಗೆ ತುಂಬಾ ಆಶ್ಚರ್ಯ ತಂದ ಮಾತಿಗೆ ಆಧಾರ ಕೊಟ್ಟಿದಾರಾ ನೋಡಿ. ಇಡೀ ಪುಸ್ತಕ ಪರೀಕ್ಷೆ ಮಾಡೋಕೆ ಯಾರಿಗೂ ಆಗಲ್ಲ, ನಿಮಗೆ ಚೆನ್ನಾಗಿ ಗೊತ್ತಿರೋ ಒಂದು ವಿಷಯದ ಬಗ್ಗೆ ಲೇಖಕರು ಏನ್ ಬರೆದಿದಾರೆ ಅಂತ ನೋಡಿ, ಅದು ಸರಿ ಇದ್ರೆ ಉಳಿದಿದ್ದರ ಮೇಲೂ ಸ್ವಲ್ಪ ನಂಬಿಕೆ ಬರುತ್ತೆ.

ಆತ್ಮಕತೆಗಳಿಗೆ ಈ ಲೆಕ್ಕ ಪೂರ್ತಿ ಹೊಂದಲ್ಲ. ಸಿದ್ಧಲಿಂಗಯ್ಯನವರ ಊರುಕೇರಿ ಓದಿ "ತುಂಬಾ ಕಷ್ಟ ಪಟ್ಟಿದಾರೆ ಪಾಪ" ಅಂತ ಮಾತ್ರ ಬರೆದ್ರೆ ಆ ಪುಸ್ತಕಕ್ಕೆ ಅನ್ಯಾಯ, ಹಸಿವು ಅವಮಾನಗಳ ಮಧ್ಯೆನೂ ಅಷ್ಟು ನಗಿಸ್ತಾ ಹೇಳಿದಾರೆ ಅನ್ನೋದೇ ಅದರ ದೊಡ್ಡ ಗುಣ. ಅಂದ್ರೆ ಬದುಕು ಎಂಥದ್ದು ಅನ್ನೋದ್ರ ಜೊತೆ ಹೇಳಿರೋ ರೀತಿ ಎಂಥದ್ದು ಅನ್ನೋದನ್ನೂ ಗಮನಿಸ್ಬೇಕು. ಇನ್ನು ಆರು ತಿಂಗಳಲ್ಲಿ ಶ್ರೀಮಂತರಾಗೋದು ಹೇಗೆ ಅನ್ನೋ ಥರದ ಪುಸ್ತಕಗಳು, ಅವುಗಳ ಬಗ್ಗೆ ಒಂದೇ ಕೇಳ್ತೀನಿ, ಅದರಲ್ಲಿ ಹೇಳಿದ್ದನ್ನ ಮಾಡಿ ನೋಡಿದ್ರಾ ಅನ್ನೋದನ್ನ ಬರೀರಿ.

ಅನುವಾದ ಓದಿದ್ರೆ ಅನುವಾದಕರ ಹೆಸರು ಹಾಕಲೇಬೇಕು, ಇದರಲ್ಲಿ ನಾನು ಸ್ವಲ್ಪ ಹಟಮಾರಿ. 2025ರಲ್ಲಿ ಬಾನು ಮುಷ್ತಾಕ್ ಅವರ ಹಾರ್ಟ್ ಲ್ಯಾಂಪ್‌ಗೆ ಇಂಟರ್‌ನ್ಯಾಷನಲ್ ಬುಕರ್ ಬಂದಾಗ 50,000 ಪೌಂಡ್ ಬಹುಮಾನದಲ್ಲಿ ಅನುವಾದಕಿ ದೀಪಾ ಭಾಸ್ತಿಯವರಿಗೆ ಸರಿ ಅರ್ಧ ಹೋಯ್ತು, ಪ್ರಶಸ್ತಿಯವರೇ ಇಬ್ಬರನ್ನೂ ಸಮ ಅಂದಿರೋವಾಗ ನಾವು ಒಂದು ಹೆಸರು ಟೈಪ್ ಮಾಡೋಕೆ ಸೋಮಾರಿತನ ಮಾಡ್ಬಾರ್ದು. ಆ ಪುಸ್ತಕದಲ್ಲಿರೋದು 1990ರಿಂದ 2023ರ ನಡುವೆ ಬರೆದವುಗಳಲ್ಲಿ ಆರಿಸಿದ 12 ಕತೆ, ಹಾಗಾಗಿ ಇಂಗ್ಲಿಷ್‌ನಲ್ಲಿ ಓದಿದ್ರಾ ಕನ್ನಡದಲ್ಲಿ ಓದಿದ್ರಾ ಅನ್ನೋದನ್ನೂ ಹೇಳಿ, ಭಾಷೆ ಬಗ್ಗೆ ನೀವು ಆಡೋ ಮಾತು ಯಾರಿಗೆ ಸೇರುತ್ತೆ ಅನ್ನೋದು ಆಗ ಸ್ಪಷ್ಟ ಆಗುತ್ತೆ. ಎಲ್ಲ ಕತೆಗಳ ಬಗ್ಗೆನೂ ಒಂದೊಂದು ಸಾಲು ಬೇಕಾಗಿಲ್ಲ, ಮನಸ್ಸಿಗೆ ನಾಟಿದ ಎರಡು, ನಾಟದೇ ಇರೋ ಒಂದು ಸಾಕು. ಅನುವಾದದಲ್ಲೂ ಬಗೆಗಳಿವೆ, ಕೆನೆತ್ ಆಂಡರ್ಸನ್ ಅವರ ಶಿಕಾರಿ ಅನುಭವಗಳನ್ನ ತೇಜಸ್ವಿ ಕಾಡಿನ ಕತೆಗಳು ಅಂತ ಕನ್ನಡಕ್ಕೆ ತಂದಿದ್ದು ಭಾವಾನುವಾದ, ಮೂಲದ ಪಕ್ಕ ಇಟ್ಕೊಂಡು ಸಾಲು ಸಾಲು ಹೋಲಿಸೋದು ಅಲ್ಲಿ ಸರಿ ಹೋಗಲ್ಲ.

ವಿವಾದ ಇರೋ ಪುಸ್ತಕದ ಬಗ್ಗೆ ಬರೆಯೋವಾಗ ಜಾಸ್ತಿ ಎಚ್ಚರ ಬೇಕು. 2007ರಲ್ಲಿ ಆವರಣ ಬಂದಾಗಿಂದ ಇವತ್ತಿನವರೆಗೂ ಅದರ ಬಗ್ಗೆ ಬರುವ ಮಾತಲ್ಲಿ ಅರ್ಧಕ್ಕರ್ಧ ಭೈರಪ್ಪನವರ ಪರ ಅಥವಾ ವಿರೋಧ, ಪುಸ್ತಕದೊಳಗೆ ಏನಿದೆ ಅನ್ನೋದು ಎಲ್ಲೋ ಮೂಲೇಲಿ. ಆ ಕಾದಂಬರಿಯೊಳಗೆ ನಾಯಕಿ ಬರೆಯೋ ಇನ್ನೊಂದು ಕಾದಂಬರಿ ಇದೆ, ಅವಳು ಓದಿದ ಪುಸ್ತಕಗಳ ಪಟ್ಟಿನೂ ಕತೆಯೊಳಗೇ ಬರುತ್ತೆ. ಕತೆ ಕಟ್ಟಿರೋ ಈ ರೀತಿ ನಿಮಗೆ ಹಿಡಿಸ್ತಾ, ಪಾತ್ರಗಳು ಮನುಷ್ಯರ ಥರ ಮಾತಾಡ್ತಾರಾ ವಾದ ಮಂಡಿಸ್ತಾರಾ, ಅದನ್ನ ಒಂದು ಪ್ಯಾರಾದಲ್ಲಿ ಬರೀರಿ. ವಿಚಾರ ಒಪ್ಪಿದ್ರಾ ಇಲ್ವಾ ಅನ್ನೋದನ್ನ ಬೇರೆ ಪ್ಯಾರಾದಲ್ಲಿ ಬರೀರಿ. ಎರಡನ್ನೂ ಕಲಸಿದ್ರೆ ಕಾಮೆಂಟ್‌ನಲ್ಲಿ ಜಗಳ ಆಗುತ್ತೆ, ಪುಸ್ತಕ ಓದದೇ ಇರೋರೇ ಅದರಲ್ಲಿ ಮುಂದೆ ಇರ್ತಾರೆ.

ಸ್ಟಾರ್ ಕೊಡೋ ಜಾಗ ಇದ್ರೆ ಇದನ್ನ ನೆನಪಿಡಿ. ಇಂಗ್ಲಿಷ್ ಬೆಸ್ಟ್‌ಸೆಲ್ಲರ್‌ಗೆ ಲಕ್ಷಗಟ್ಟಲೆ ರೇಟಿಂಗ್ ಇರುತ್ತೆ, ನಿಮ್ಮದೊಂದು ಸೇರಿದ್ರೆ ಏನೂ ಅಲುಗಾಡಲ್ಲ. ಕನ್ನಡದ ಹೊಸ ಪುಸ್ತಕಕ್ಕೆ ನಾಲ್ಕೇ ಜನ 5 ಕೊಟ್ಟಿರ್ತಾರೆ ಅಂದ್ಕೊಳ್ಳಿ, ನೀವು 1 ಕೊಟ್ರೆ ಸರಾಸರಿ ಸೀದಾ 4.2ಕ್ಕೆ ಬರುತ್ತೆ. ಕೊಡಬೇಡಿ ಅಂತಿಲ್ಲ, ಕೊಟ್ರೆ ಕಾರಣ ಬರೀರಿ. ಪಾರ್ಸೆಲ್ ತಡ ಆಯ್ತು, ಮೂಲೆ ಮಡಚಿಕೊಂಡಿತ್ತು ಅನ್ನೋದಕ್ಕೆ ಪುಸ್ತಕದ ಸ್ಟಾರ್ ಕಡಿಮೆ ಮಾಡೋದು ಲೇಖಕರಿಗೆ ಮಾಡೋ ಅನ್ಯಾಯ, ಅದನ್ನ ಮಾರಿದವರಿಗೆ ಬರೀರಿ. ಅಚ್ಚಿನ ತಪ್ಪು, ತೀರಾ ಸಣ್ಣ ಅಕ್ಷರ, ಎರಡೇ ಸಲ ಬಿಚ್ಚಿದ್ರೆ ಕಿತ್ತು ಬರೋ ಬೈಂಡಿಂಗ್, ಇವು ಮಾತ್ರ ಹೇಳಬೇಕಾದ ವಿಷಯಾನೇ, ವಯಸ್ಸಾದವರು ಕೊಳ್ಳೋ ಮೊದಲು ಅಕ್ಷರದ ಗಾತ್ರನೇ ಮೊದಲು ಕೇಳ್ತಾರೆ.

ಲೇಖಕರು ಪರಿಚಯ ಇದ್ರೆ, ಪುಸ್ತಕ ಫ್ರೀಯಾಗಿ ಬಂದಿದ್ರೆ ಮೊದಲೇ ಹೇಳ್ಬಿಡಿ. ಕನ್ನಡದಲ್ಲಿ ಬರೆಯೋರು ಓದೋರು ಹೆಚ್ಚುಕಮ್ಮಿ ಒಬ್ಬರಿಗೊಬ್ಬರು ಗೊತ್ತಿರೋರೇ, ಅದರಲ್ಲಿ ನಾಚಿಕೆ ಏನಿಲ್ಲ, ಮುಚ್ಚಿಟ್ರೆ ಮಾತ್ರ ನಿಮ್ಮ ಮುಂದಿನ ಅಭಿಪ್ರಾಯನೂ ಯಾರೂ ನಂಬಲ್ಲ. ಗೆಳೆಯರ ಪುಸ್ತಕ ಹಿಡಿಸದೇ ಇದ್ರೆ ಸುಮ್ನೆ ಹೊಗಳೋ ಬದಲು ಅವರಿಗೇ ಫೋನ್ ಮಾಡಿ ಹೇಳಿ, ಹೊರಗೆ ಬರೆಯೋದು ಬಿಟ್ಟುಬಿಡಿ.

ಪೋಸ್ಟ್ ಮಾಡೋ ಮುಂಚೆ ಒಂದ್ಸಲ ಜೋರಾಗಿ ಓದ್ಕೊಳ್ಳಿ. ಅದ್ಭುತ, ಅಮೋಘ, ಮನ ಕಲಕುವ, ಇಂಥವು ಬಂದಲ್ಲೆಲ್ಲ ಅಳಿಸಿ, ಆ ಜಾಗದಲ್ಲಿ ಪುಸ್ತಕದಿಂದಾನೇ ಒಂದು ಉದಾಹರಣೆ ಹಾಕೋಕಾಗುತ್ತಾ ನೋಡಿ. ಪಾತ್ರಗಳ ಹೆಸರು, ಲೇಖಕರ ಹೆಸರು ಪುಸ್ತಕ ನೋಡಿ ಸರಿ ಮಾಡ್ಕೊಳ್ಳಿ. ಕೊನೇಲಿ ಪ್ರಕಾಶನದ ಹೆಸರು, ಪುಟ, ಬೆಲೆ, ನಿಮಗೆ ಎಲ್ಲಿ ಸಿಕ್ತು ಅನ್ನೋದು ಇರ್ಲಿ, ನಮ್ಮಲ್ಲಿ ಮುದ್ರಣ ಮುಗಿದ ಪುಸ್ತಕಗಳು ತುಂಬಾ, ಲೈಬ್ರರಿಲಿ ಸಿಕ್ಕಿದ್ರೆ ಯಾವ ಊರಿನ ಲೈಬ್ರರಿ ಅಂತಾನೂ ಹೇಳಿ. ವರ್ಷ ಕಳೆದು ಮತ್ತೆ ಓದಿದಾಗ ಅಭಿಪ್ರಾಯ ಬದಲಾದ್ರೆ ಹಳೇದನ್ನ ಅಳಿಸ್ಬೇಡಿ, ಅದರ ಕೆಳಗೇ ತಾರೀಕು ಹಾಕಿ ಹೊಸದನ್ನ ಸೇರಿಸಿ.