ಜಾತಿ ಹಿಡಿದು ಬೈದರೆ ದೂರು ಬರೆಯುವುದು ಹೀಗೆ

ನೊಂದವರ ಜೊತೆ ಪೊಲೀಸ್ ಠಾಣೆಗೆ ಹೋಗಿ ದೂರು ಬರೆದುಕೊಡುತ್ತೇನೆ. "ಹೊಡೆದದ್ದಕ್ಕೆ ಕಾನೂನು ಇದೆಯಲ್ಲ, ಪರಿಶಿಷ್ಟರಿಗೆ ಬೇರೆ ಯಾಕೆ?" ಅಂತ ಜಾಸ್ತಿ ಜನ ಕೇಳುತ್ತಾರೆ. ಹೋಟೆಲಿನಲ್ಲಿ ಒಬ್ಬನನ್ನು ಜಾತಿ ಹಿಡಿದು ಬೈದು ಹೊಡೆದರೆ, ಮಾರನೇ ದಿನ ಅವನ ಕೇರಿಯವರೆಲ್ಲ ಆ ಬಾಗಿಲು ತುಳಿಯಲು ಹೆದರುತ್ತಾರೆ. ಬರೀ ಹೊಡೆದಾಟದ ಕೇಸು ಆ ಹೆದರಿಕೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. 1989ರ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಬೇಕಾಗಿರುವುದು ಅದಕ್ಕೇ.

ದೂರಿನಲ್ಲಿ "ಜಾತಿ ನಿಂದನೆ ಮಾಡಿದರು" ಅಂತ ಸುಮ್ನೆ ಬರೆಯಬೇಡಿ. ಆಡಿದ ಮಾತು ಎಷ್ಟೇ ಕೊಳಕಾಗಿದ್ದರೂ ಹಾಗೇ ಬರೆಯಿರಿ. ಕೈ ನಡುಗುತ್ತದೆ, ಗೊತ್ತು. ಆದರೂ ಬರೆಯಿರಿ. ಎಲ್ಲಿ, ಎಷ್ಟು ಹೊತ್ತಿಗೆ, ಯಾರು ಯಾರು ಕೇಳಿಸಿಕೊಂಡರು, ಎಲ್ಲವೂ ಬೇಕು. ನಾಲ್ಕು ಗೋಡೆಯೊಳಗೆ, ಹೊರಗಿನವರು ಯಾರೂ ಇಲ್ಲದಾಗ ಬೈದರೆ ನಿಂದನೆಯ ಕಲಂ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಸುಳ್ಳು ಕೇಸು ಬೀಳುತ್ತದೆ ಅಂತ ಹೆದರುವವರಿಗೂ ಇದೊಂದು ಕಾವಲು, ಅಲ್ವಾ?

"ಮೊದಲು ವಿಚಾರಣೆ, ಆಮೇಲೆ ಎಫ್‌ಐಆರ್" ಅಂತ ಪೊಲೀಸರು ಅಂದರೆ ಈ ಕಾಯ್ದೆಯ 18ಎ ಕಲಂ ತೋರಿಸಿ. 2018ರ ತಿದ್ದುಪಡಿಯಿಂದ ಬಂದದ್ದು. ಎಫ್‌ಐಆರ್ ಹಾಕಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ ಎನ್ನುತ್ತದೆ. ಬಾಯಲ್ಲಿ ದೂರು ಹೇಳಿದರೆ ಅವರು ಬರೆದುಕೊಂಡು ನಿಮಗೆ ಓದಿ ಹೇಳಬೇಕು. ಕೇಳಿಸಿಕೊಳ್ಳದೆ ಸಹಿ ಹಾಕಬೇಡಿ. ದೂರಿನ ಪ್ರತಿಗೆ ದುಡ್ಡು ಕೊಡಬೇಕಿಲ್ಲ. ಜಾತಿ ಸರ್ಟಿಫಿಕೇಟಿನ ಜೆರಾಕ್ಸ್ ಜೊತೆಗಿರಲಿ.

ನಿಯಮದ ಪ್ರಕಾರ ತನಿಖೆ ಡಿವೈಎಸ್‌ಪಿ ದರ್ಜೆಯವರದು. ಠಾಣೆಯಲ್ಲಿ ಸತಾಯಿಸಿದರೆ ದೌರ್ಜನ್ಯ ತಡೆಯ ರಾಷ್ಟ್ರೀಯ ಸಹಾಯವಾಣಿ 14566ಕ್ಕೆ ಫೋನ್ ಮಾಡಿ.